ಟಿವಿ ಡಬ್ಬಿ ಮ್ಯಾಲಿನ ನವಿಲು

೧೩ ಫೆಬ್ರವರಿ ೨೦೦೪, ಶುಕ್ರವಾರ. ಫಿಂಟಾಸ್, ಕುವೈತ್

ಈ ಬಿಳಿ ಗ್ವಾಡಿ ನೋಡಿ ನೋಡಿ ತಲಿ ಕೆಟ್ಟೈತಿ. ಲೈಬ್ರರಿಯಿಂದ ತಂದ ಪುಸ್ತಕದಾಗ ಒಂದು ಖೋಲಿಗೆ ಪೂರಾ ಸಮುದ್ರದ ಬಣ್ಣ ಹಚ್ಯಾರ. ಅದೇ ಬಣ್ಣ ನಿನ್ನೆ ಸಂಜಿ ನಮ್ಮ ಬಾಲ್ಕನಿಯಿಂದ ಕಂಡಿತ್ತು. ಪುಸ್ತಕ ಗಂಡಗ ತೋರಿಸಿ, ನಮ್ಮ ಗ್ವಾಡಿಗೂ ಹಚ್ಚೋಣು ಅಂದೆ.

"ಬಾಡಿಗಿ ಮನಿ. ಗ್ವಾಡಿಗೆ ಮೊಳಿ ಬ್ಯಾಡ, ಬಣ್ಣ ಬ್ಯಾಡ. ಕಂಪನಿಯವರು ಖಲಾಸ್ ಅಂದ ದಿನ ಊರಿಗೆ ಹೊಂಡೋದೈತಿ" ಅಂದ್ರು.

ಮದುವಿ ಆಗಿ ಬಂದಾಗಿಂದ ಇದೇ ಮಾತು. ಊರಿಗೆ ಒಯ್ಯುವಾಗ ಬೇಕಂತ ಟಿವಿ ಬಂದ ರಟ್ಟಿನ ಡಬ್ಬಿನೂ ಹಾಲ್‌ನಾಗ ಇಟ್ಟಾರ. ಆ ಟಿವಿ ಯಾವಾಗೋ ಕೆಟ್ಟು ಹೋತು, ಡಬ್ಬಿ ಹಂಗೇ ನಿಂತೈತಿ.

ಇವತ್ತು ಸಿಟ್ಟು ನೆತ್ತಿಗೇರಿತು. ಮಗಳ ಪೇಂಟ್ ತಗೊಂಡು ಡಬ್ಬಿಗೇ ಆ ನೀಲಿ ಬಳದೆ. ಅವ್ವನ ಕಸೂತಿ ಸೀರಿ ಮುಂದ ಹರವಿಕೊಂಡು, ಸೆರಗಿನ ನವಿಲು ಅದರ ಮ್ಯಾಲೆ ಬಿಳಿ ಬಣ್ಣದಾಗ ತಗದೆ. "ವೆರಿ ನೈಸ್, ಮಮ್ಮಿ" ಅಂದ್ಲು ಚಿನ್ಮಯಿ.

ಇವರು ಬೈತಾರಂತ ಕಾದೆ. ಡಬ್ಬಿಗೆ ಒಂದು ಸುತ್ತು ಹಾಕಿ ನೋಡಿದ್ರು.

"ಚಲೋ ಆಗೇತಿ. ಆದ್ರ ಉಳದಿರೋ ಈ ಮಗ್ಗಲಿಗೆ ಬಣ್ಣ ಹಚ್ಚಬ್ಯಾಡ. ಊರಿನ ವಿಳಾಸ ಬರಿಯಾಕ ಜಾಗ ಬೇಕು."

ಬಿಟ್ಟೀನಿ. ಬೈದಿದ್ರ ಜಗಳ ಆಡಿ ಮಲಗಬಹುದಿತ್ತು. ಈಗ ನಿದ್ದಿನೂ ಇಲ್ಲ. ಎದ್ದು ಎದ್ದು ಹೋಗಿ ಆ ಖಾಲಿ ಮಗ್ಗಲಾನೇ ನೋಡಿ ಬರಾಕತ್ತೀನಿ. ಊರಾಗ, ಧಾರವಾಡದಾಗ, ಇದ್ದದ್ದೂ ಬಾಡಿಗಿ ಮನಿ, ಅಲ್ಲಿ ಈಗ ಬ್ಯಾರೆ ಯಾರೋ ಅದಾರ. ಏನಂತ ಬರಿಯೋದು? ನನಗ ಬಾಯಿಪಾಠ ಇರೋ ವಿಳಾಸ ಈ ಮನಿದೊಂದೇ.