ಎಣ್ಣೆಪೊರೆಯ ಒಂಬತ್ತು ನಿಮಿಷ

ಫೆಬ್ರವರಿ 3, ಸೋಮವಾರ

ಇಪ್ಪತ್ತಮೂರನೆಯ ಟ್ರಯಲ್. ಮತ್ತೆ ಒಡೆಯಿತು.

ಸೀಮೆಎಣ್ಣೆಯ ತೆಳು ಪೊರೆ, ಅದರೊಳಗೆ ವಾಷಿಂಗ್ ಸೋಡಾ ಕರಗಿಸಿದ ನೀರಿನ ಸಣ್ಣ ಹನಿಗಳು. ಫ್ಯಾಕ್ಟರಿಯಿಂದ ಹೊರಬಿದ್ದ ನೀರಿನಲ್ಲಿ ಉಳಿದ ಪೆನಿಸಿಲಿನ್ ಆ ಪೊರೆ ದಾಟಿ ಹನಿಯೊಳಗೆ ಸೇರಬೇಕು. ಸೇರುತ್ತದೆ. ಆದರೆ ಹನ್ನೆರಡು ನಿಮಿಷಕ್ಕೆ ಪೊರೆ ಹರಿದು, ಸೇರಿದ್ದೆಲ್ಲ ವಾಪಸ್ ನೀರಿಗೆ.

"ಭಾಳ ಕಲಕಾಕತ್ತೀವ್ರಿ ಮೇಡಂ. ಒಂಬತ್ತಕ್ಕ ನಿಲ್ಲಿಸಿ ನೋಡೂಣ," ಅಂದರು ಅಮರಯ್ಯ. ಈ ಜೀಡಿಮೆಟ್ಲಾ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಸಹಾಯಕರು. ನಮ್ಮ ರಾಯಚೂರು ಕಡೆಯವರೇ.

ಮಣಿಕಟ್ಟಿನಲ್ಲಿ ತುರಿಕೆ. ಹೊಸ ಗ್ಲೌಸಿನಿಂದ ಇರಬೇಕು.

ಫೆಬ್ರವರಿ 7, ಬೆಳಿಗ್ಗೆ

ದದ್ದು ಮೊಣಕೈವರೆಗೆ ಬಂದಿದೆ. ಅತ್ತೆ ನೋಡಿಬಿಟ್ಟರು.

"ಕೈಗೇನಾಗೈತಿ ಸುವರ್ಣಾ?"

"ಗ್ಲೌಸಿನ ಪೌಡರ್ ರೀ ಅತ್ತಿ."

ಸ್ನಾನ ಮುಗಿಸಿ ಬಂದರೆ ಸಿಂಕಿನ ಪಾತ್ರೆಯೆಲ್ಲ ಅವರೇ ತೊಳೆದಿಟ್ಟಿದ್ದಾರೆ. ನಮ್ಮನೆಯವರು ಡ್ಯೂಟಿ ಮೇಲೆ ವಿಶಾಖಪಟ್ಟಣಕ್ಕೆ ಹೋದಾಗಿನಿಂದ ಮನೆಯಲ್ಲಿ ನಾವಿಬ್ಬರೇ.

ಪೌಡರ್ ಅಲ್ಲ, ಗೊತ್ತು. ಆಫೀಸಿಗೆ ಹೇಳಿದರೆ ಅವತ್ತೇ ಬೆಂಚಿನಿಂದ ಎಬ್ಬಿಸುತ್ತಾರೆ. ಹೇಳಬೇಕು... ಇನ್ನೆರಡು ಟ್ರಯಲ್ ಆಗಲಿ.

ಫೆಬ್ರವರಿ 12

ಒಂಬತ್ತು ನಿಮಿಷಕ್ಕೆ ನಿಲ್ಲಿಸಿದೆವು. ಪೊರೆ ಹರಿಯಲಿಲ್ಲ. ನೂರಕ್ಕೆ ಎಂಬತ್ನಾಲ್ಕು ಪಾಲು ಪೆನಿಸಿಲಿನ್ ಹನಿಯೊಳಗೆ.

ಅಮರಯ್ಯ ಹೋಗಿ ಎರಡು ಚಹಾ ತಂದರು.

ತುಟಿ ದಪ್ಪಗಾದ ಹಾಗಿದೆ.

ಫೆಬ್ರವರಿ 17, ಆಸ್ಪತ್ರೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಸಲೈನ್.

ಹದಿಮೂರನೇ ತಾರೀಕು ಲ್ಯಾಬಿನಲ್ಲೇ ಉಸಿರು ಕಟ್ಟಿತಂತೆ. ಅಮರಯ್ಯ ಆಟೊದಲ್ಲಿ ಹಾಕಿಕೊಂಡು ಬಂದರಂತೆ. ನನಗೆ ನೆನಪಿಲ್ಲ. ಪೆನಿಸಿಲಿನ್ ನನ್ನ ಮೈಗೆ ಆಗುತ್ತಿಲ್ಲ. ಇನ್ನು ಅದರ ಹತ್ತಿರ ಹೋಗುವಂತಿಲ್ಲ. ಔಷಧಿಯಾಗಿಯೂ ತಗೊಳ್ಳುವಂತಿಲ್ಲ.

"ಹಂಗಾರ ನಾಳೆ ಜಡ್ಡಾದರ ಏನ್ ಕೊಡ್ತೀರಿ?" ಅಂತ ಅತ್ತೆ ತಮ್ಮ ಹರುಕು ಹಿಂದಿಯಲ್ಲಿ ಡಾಕ್ಟರನ್ನು ಕೇಳಿದರು. ಬೇರೆ ಔಷಧಿ ಬೇಕಾದಷ್ಟಿವೆ ಅಂದರು ಅವರು. ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಹೆಸರೆಲ್ಲ ಬರೆಸಿಕೊಂಡರು.

"ನಿಮಗ ಸುಳ್ಳು ಹೇಳಿದ್ದೆ ರೀ ಅತ್ತಿ."

"ಗೊತ್ತಿತ್ತು. ಬಚ್ಚಲದಾಗ ನೀ ಅಳೂದು ಕೇಳಸ್ತಿತ್ತು." ನನ್ನ ಹೊದಿಕೆ ಸರಿಮಾಡಿದರು. "ಕೆಲಸ ಅಂದ್ರ ನಿನಗ ಎಷ್ಟು ಜೀವ ಅಂತ ನಾನೂ ಬಾಯಿ ಬಿಡಲಿಲ್ಲ. ತಪ್ಪು ನಂದೂ ಐತಿ ಯವ್ವಾ."

ನನ್ನ ಕಾಲು ಒತ್ತುತ್ತಾ ಕೂತರು. ಬೇಡ ಅನ್ನಲು ಧೈರ್ಯ ಬರಲಿಲ್ಲ.

ಫೆಬ್ರವರಿ 24, ಕೂಕಟ್‌ಪಲ್ಲಿ

ಮನೆ.

ಅತ್ತೆ ನಮ್ಮ ರೋಡಿನ ಮೆಡಿಕಲ್ ಶಾಪೆಲ್ಲ ಸುತ್ತಿ ಬಂದಿದ್ದಾರೆ. ಫೋನಿನಲ್ಲಿ ನನ್ನ ಫೋಟೊ ತೋರಿಸಿ, "ಇವಳು ನಮ್ಮ ಸೊಸಿ, ಇವಳಿಗೆ ಪೆನ್ಸಿಲಿನ್ ಕೊಡಬ್ಯಾಡ್ರಿ" ಅಂತ. ಮೂಲೆ ಅಂಗಡಿಯವನೇ ನಗುತ್ತಾ ತೆಲುಗಿನಲ್ಲಿ ಹೇಳಿದ. ಮನೆಗೆ ಬಂದು ನಾನೂ ನಕ್ಕೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಡೈರೆಕ್ಟರ್ ವೀರಭದ್ರಪ್ಪನವರ ಫೋನು. ನನಗೆ ಇನ್ನು ಕಾಗದದ ಕೆಲಸ, ಬೇರೆ ಬಿಲ್ಡಿಂಗಿನಲ್ಲಿ. ಅದೇ ಫಲಿತಾಂಶ ಇನ್ನೆರಡು ಸಲ ಬಾರದಿದ್ದರೆ ಪ್ರಾಜೆಕ್ಟ್ ಬಂದ್. ಮಾಡುವವರು ಯಾರು?

"ನಾ ಮಾಡ್ತೀನ್ರಿ," ಅಂದರು ಅಮರಯ್ಯ, ಸಂಜೆ ಫೋನ್ ಮಾಡಿ. "ನೀವು ಫೋನಿನ್ಯಾಗ ಹೇಳ್ರಿ, ನಾ ಕೇಳ್ತೀನಿ."

ಲ್ಯಾಬ್ ಪುಸ್ತಕದಲ್ಲಿ ಒಂದು ರೀಡಿಂಗೂ ತಾವಾಗಿ ಬರೆದವರಲ್ಲ. ಬರೆಯಲು ಯಾರೂ ಹೇಳಲಿಲ್ಲ. ನಾನೂ.

ಫೆಬ್ರವರಿ 28, ಸಂಜೆ 4

ಅಮರಯ್ಯ ಕ್ಯಾಂಟೀನಿನಿಂದ ಫೋನ್ ಮಾಡಿದರು.

"ಮೊದಲಿಂದು ಎಂಬತ್ಮೂರ್ರಿ. ಎರಡನೇದು ಎಂಬತ್ತಾರು."

ಹಿಂದೆ ತಟ್ಟೆ ತೊಳೆಯುವ ಸದ್ದು.

"ಮೇಡಂ, ಕೇಳ್ಸಿತೇನ್ರಿ?"

ಕೇಳಿಸಿತು ಅಂದೆ.

ಮಾರ್ಚ್ 6, ಗುರುವಾರ

ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿ ಕೋಣೆವರೆಗೆ ಹೋಗಿದ್ದೆ. ಅತ್ತೆಯೂ ಬಂದರು, ಒಬ್ಬಳನ್ನೇ ಬಿಡುವುದಿಲ್ಲ. ಸಹಿಗೆಂದು ಅಮರಯ್ಯ ಲ್ಯಾಬ್ ಪುಸ್ತಕ ತಂದರು, ಹೊಸ ಪ್ಲಾಸ್ಟಿಕ್ ಕವರಿನಲ್ಲಿ. ಎರಡೂ ಟ್ರಯಲ್‌ಗೆ 'ಮಾಡಿದವರು' ಅನ್ನುವ ಕಡೆ ನನ್ನ ಹೆಸರು.

"ಇದು ತಪ್ಪು ರೀ," ಅಂದೆ. ಗೆರೆ ಎಳೆದು ಹೊಡೆದುಹಾಕಿ, ಪೆನ್ನು ಅವರ ಕಡೆ ಚಾಚಿದೆ.

"ಕನ್ನಡದಾಗ ನಡೀತೈತೇನ್ರಿ?"

"ನಡೀತೈತಿ."

ಕೈ ಪ್ಯಾಂಟಿಗೆ ಒರೆಸಿಕೊಂಡರು. ಮೆಲ್ಲಗೆ ತಮ್ಮ ಹೆಸರು ಬರೆದರು, ಪೆನ್ನು ಒತ್ತಿ ಹಿಡಿದು, ಎರಡು ಕಡೆ. ಅತ್ತೆ ಬಗ್ಗಿ ನೋಡಿ, "ಅಕ್ಷರ ಚೆಂದ ಅದಾವು" ಅಂದರು.

ಹೊರಡುವಾಗ ಅಮರಯ್ಯ ಕೇಳಿದರು, ಬೆಂಚಿನ ಮೇಲೆ ನಿಮ್ಮ ಸ್ಟಾಪ್‌ವಾಚ್ ಹಂಗೇ ಐತಿ, ಏನ್ ಮಾಡ್ಲಿ ಅಂತ. ನೀವೇ ಇಟ್ಟುಕೊಳ್ಳಿ ಅಂದೆ. ಬ್ಯಾಡ್ರಿ, ನೀವು ಬರೂತನ ಅಲ್ಲೇ ಇರ್ಲಿ ಅಂದರು. ನಾನು ಬರುವುದಿಲ್ಲ ಅಂತ ಅವರಿಗೂ ಗೊತ್ತು. ಆದರೂ ನಾನು ಹೂಂ ಅಂದೆ, ಯಾಕೆಂದರೆ ಆ ಒಂಬತ್ತು ನಿಮಿಷ ನಾವಿಬ್ಬರೂ ಎಣಿಸಿದ್ದು ಅದರಲ್ಲೇ.