ಕೊರಳಿನ ಲಿಂಗ ತೆಗೆದಿಡಿ ಎಂದ ತಪಾಸಣಾ ಬಸ್ಸಿನ ಅಧಿಕಾರಿಗಳಿಗೆ

ಮಾನ್ಯರೇ,

ಕಳೆದ ವಾರ ಕ್ಯಾನ್ಸರ್ ಜಾಗೃತಿ ಸಭೆಯಲ್ಲಿ ನೀವು ಒಂದು ಪ್ರಸಂಗ ಹೇಳಿ ಜನರನ್ನು ನಗಿಸಿದಿರಲ್ಲ, ಆ ಪ್ರಸಂಗದ ಹೆಂಗಸು ನಿಮ್ಮೆದುರಿಗೇ ಕೂತಿದ್ದಳು. ಅವಳು ನನ್ನ ಹೆಂಡತಿ ಪುಟ್ಟಬಸಮ್ಮ. ಚಿಕಿತ್ಸೆಯಲ್ಲಿರುವವರನ್ನು ಸನ್ಮಾನಿಸುತ್ತೇವೆ ಎಂದು ನೀವೇ ಕರೆಸಿದ್ದಿರಿ. ಆಗ ತಾನೇ ಅವಳ ಹೆಗಲಿಗೆ ಗುಲಾಬಿ ಬಣ್ಣದ ಶಾಲು ಹೊದಿಸಿದ್ದಿರಿ. ಆಮೇಲೆ ಮೈಕಿನ ಮುಂದೆ ನಿಂತು ಹೇಳಿದಿರಿ: ‘ವಿಜಯನಗರದಲ್ಲಿ ಸ್ತನ ತಪಾಸಣೆಯ ನಮ್ಮ ಬಸ್ಸು ನಿಂತಿತ್ತು. ಒಬ್ಬ ತಾಯಿ ಯಂತ್ರದ ತನಕ ಬಂದರು. ಕೊರಳಿನ ದೇವರನ್ನು ಒಂದು ನಿಮಿಷ ತೆಗೆದಿಡಿ ಎಂದಿದ್ದಕ್ಕೆ ದೇವರನ್ನು ಕರೆದುಕೊಂಡು ಮನೆಗೇ ಹೊರಟುಹೋದರು. ಯಂತ್ರ ತರಿಸಬಹುದು ಸ್ವಾಮಿ, ಬುದ್ಧಿ ಎಲ್ಲಿಂದ ತರಿಸೋಣ?’ ಸಭೆ ನಕ್ಕಿತು. ಅವಳೂ ನಕ್ಕಳು. ಎಲ್ಲರೂ ನಗುವಾಗ ಒಬ್ಬಳೇ ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ. ಅಂದು ಸಂಜೆ ಮನೆಗೆ ಬಂದವಳು ಕೊರಳಿನ ಇಷ್ಟಲಿಂಗವನ್ನು ತೆಗೆದು ದೇವರ ಗೂಡಿನಲ್ಲಿಟ್ಟಳು. ಇನ್ನೂ ಹಾಕಿಕೊಂಡಿಲ್ಲ. ಈ ಪತ್ರ ಅದಕ್ಕಾಗಿ.

ನಾನು ಮೇಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಕೂಗಾಡುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಸಾರು ಕೆಟ್ಟರೆ ಮೂರು ಶೆಡ್ಡಿಗೆ ಕೇಳಿಸುವಂತೆ ಕೂಗುತ್ತಿದ್ದೆ. ಈ ಪತ್ರವನ್ನು ಕೋಪದಲ್ಲಿ ಬರೆಯೋಣವೆಂದು ಕೂತೆ, ಕೋಪ ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಚುಚ್ಚಿದ ಕೆನ್ನೆಯ ಹಾಗೆ ಆಗಿದ್ದೇನೆ, ಮುಟ್ಟಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲ. ಈಗ ಮನೆಯಲ್ಲಿ ಅಡುಗೆ ನನ್ನದೇ. ಉಪ್ಪು ಹಾಕಿದೆನೋ ಇಲ್ಲವೋ ರುಚಿ ನೋಡಿದರೂ ತಿಳಿಯುವುದಿಲ್ಲ. ಅವಳಿಗೂ ಔಷಧಿಯ ದೆಸೆಯಿಂದ ನಾಲಿಗೆ ಸತ್ತಿದೆ. ಹಾಗಾಗಿ ನಮ್ಮಿಬ್ಬರ ಊಟದಲ್ಲಿ ಜಗಳವಿಲ್ಲ. ನನ್ನ ಮಾತು ತಣ್ಣಗಿದೆ ಎಂದು ವಿಷಯವೂ ತಣ್ಣಗಿದೆ ಎಂದುಕೊಳ್ಳಬೇಡಿ.

ನಿಮ್ಮ ಪ್ರಸಂಗದಲ್ಲಿ ಬಿಟ್ಟುಹೋದ ಭಾಗವನ್ನು ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಿಮ್ಮ ಬಸ್ಸು ನಮ್ಮ ಬಡಾವಣೆಯ ಪಾರ್ಕಿನ ಪಕ್ಕ ನಿಂತಾಗ ಅವಳನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ಕರಪತ್ರ ಓದಿ ತಾನಾಗಿಯೇ ಹೊರಟಳು. ಪೌಡರ್ ಹಾಕಬಾರದು ಎಂದಿತ್ತು, ಹಾಕಲಿಲ್ಲ. ವಿಭೂತಿಯೂ ಪೌಡರಿನ ಲೆಕ್ಕವೇ ಇರಬಹುದೆಂದು ಹಣೆಗೆ ಬಿಟ್ಟು ಬೇರೆಲ್ಲೂ ಧರಿಸಲಿಲ್ಲ. ಬರಲೊಪ್ಪದ ಪಕ್ಕದ ಮನೆಯ ಸರೋಜಮ್ಮನವರಿಗೆ ‘ಎದೆ ಅಂದ್ರೆ ನಾಚ್ಕೋಬೇಕಾ? ಮಕ್ಳಿಗೆ ಹಾಲು ಕುಡಿಸ್ವಾಗ ನಾಚ್ಕಂಡಿದ್ವಾ? ಬನ್ರೀ ಸುಮ್ನೆ’ ಎಂದು ಗದರಿ ಕರೆದೊಯ್ದಳು. ನಿಮ್ಮ ಭಾಷಣದಲ್ಲಿ ‘ಅರಿವಿನ ಕೊರತೆ’ ಎಂಬ ಮಾತು ಪದೇ ಪದೇ ಬಂತು. ಇಷ್ಟು ಅರಿವು ಸಾಲದೇ? ಇನ್ನೆಷ್ಟು ಅರಿವಿದ್ದರೆ ನಿಮ್ಮ ಬಸ್ಸಿನ ಮೆಟ್ಟಿಲು ಹತ್ತಬಹುದು?

ಒಳಗೆ ನಡೆದದ್ದನ್ನು ಸರೋಜಮ್ಮನವರೇ ನೋಡಿದ್ದಾರೆ. ಯಂತ್ರ ನಡೆಸುತ್ತಿದ್ದ ಹುಡುಗಿ ‘ಕತ್ತಿನಲ್ಲಿರೋದೆಲ್ಲ ತೆಗೆದು ಟೇಬಲ್ ಮೇಲಿಡಿ’ ಎಂದಳು. ಪುಟ್ಟಬಸಮ್ಮ ಮಾಂಗಲ್ಯ ತೆಗೆದಿಟ್ಟಳು, ಸರ ತೆಗೆದಿಟ್ಟಳು. ಶಿವದಾರದಲ್ಲಿ ನೇತಾಡುವ ಬೆಳ್ಳಿಯ ಕರಡಿಗೆಗೆ ಮಾತ್ರ ಕೈ ಹಾಕಲಿಲ್ಲ. ‘ಇದ್ರೊಳ್ಗೆ ಲಿಂಗ ಐತೆ ಕಣಮ್ಮ, ಮೈಯಿಂದ ಬೇರೆ ಮಾಡಂಗಿಲ್ಲ’ ಎಂದಳು. ಹುಡುಗಿ ‘ಎಲ್ರೂ ತೆಗೀತಾರೆ ಕಣಮ್ಮ, ನಿಮ್ದೇನು ಸ್ಪೆಶಲ್ಲು? ಹಿಂದ್ಗಡೆ ಜನ ಕಾಯ್ತಾವ್ರೆ. ತೆಗೆಯೋದಾದ್ರೆ ತೆಗೀರಿ, ಇಲ್ದಿದ್ರೆ ಜಾಗ ಬಿಡಿ’ ಎಂದಳು. ಇವಳು ಜಾಗ ಬಿಟ್ಟಳು. ಆ ಹುಡುಗಿಯನ್ನು ನಾನು ದೂರುತ್ತಿಲ್ಲ. ಬೆಳಗಿನಿಂದ ನಿಂತೇ ಇದ್ದಳಂತೆ, ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವರು ನೀವು. ಮೈಸೂರಿನಲ್ಲಿ, ಇಷ್ಟು ಮಠಗಳಿರುವ ಈ ಊರಿನಲ್ಲಿ, ಲಿಂಗ ಕಟ್ಟಿದ ಹೆಂಗಸೊಬ್ಬಳು ಎದೆಯ ಪರೀಕ್ಷೆಗೆ ಬಂದೇ ಬರುತ್ತಾಳೆಂದು ಊಹಿಸಲು ಯಾವ ಸಂಶೋಧನೆ ಬೇಕಿತ್ತು?

ಯಂತ್ರ ಬೇಡವೆಂದರೆ ವೈದ್ಯೆಯೊಬ್ಬರು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯೂ ಇದೆಯಂತೆ. ನಿಮ್ಮದೇ ಕಾರ್ಯಕ್ರಮದಲ್ಲಿ ಇದೆಯಂತೆ. ಅದನ್ನು ಯಾರೂ ಹೇಳಲಿಲ್ಲ. ಮತ್ತೆ ಬನ್ನಿ ಎನ್ನಲಿಲ್ಲ. ನಿಮ್ಮ ಇಲಾಖೆಯ ಭಾಷೆಯಲ್ಲಿ ಅವಳು ‘ಪರೀಕ್ಷೆ ನಿರಾಕರಿಸಿದವಳು’ ಆದಳು, ಅಲ್ಲಿಗೆ ಮುಗಿಯಿತು. ಪರೀಕ್ಷೆಗೆಂದೇ ಬಂದು, ಸರತಿಯಲ್ಲಿ ನಿಂತು, ಸೆರಗು ಸರಿಸಿ ಯಂತ್ರದ ಮುಂದೆ ನಿಂತವಳು ನಿರಾಕರಿಸಿದ್ದೇನು ಮಾನ್ಯರೇ? ನಮ್ಮ ಕ್ಯಾಂಟೀನಿನಲ್ಲಿ ಈರುಳ್ಳಿ ತಿನ್ನದ ಒಬ್ಬರು ಫಿಟ್ಟರ್ ಇದ್ದರು. ಅವರಿಗೆ ಪಲ್ಯ ಬೇರೆ ತೆಗೆದಿಡುತ್ತಿದ್ದೆವು, ಊಟ ನಿರಾಕರಿಸಿದರು ಎಂದು ಎಲ್ಲೂ ಬರೆಯಲಿಲ್ಲ.

ಒಂದು ವರ್ಷದ ಮೇಲೆ ಗಂಟು ಅವಳ ಕೈಗೇ ಸಿಕ್ಕಿತು. ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲೂ ಅದೇ ಯಂತ್ರ. ಅವಳು ಹೆದರಿದ್ದಳು. ರೋಗಕ್ಕಲ್ಲ, ಮತ್ತೆ ‘ತೆಗೀರಿ’ ಎನ್ನುತ್ತಾರೆಂದು. ಯಂತ್ರದ ಬಳಿ ಇದ್ದ ಚಾಮುಂಡೇಶ್ವರಿ ಎಂಬಾಕೆ ಶಿವದಾರ ನೋಡಿದವರೇ, ‘ಲಿಂಗಾನಾ ಅಮ್ಮ? ದಾರ ಕತ್ತಲ್ಲೇ ಇರ್ಲಿ. ಕರಡಿಗೇನ ಎಡಗೈಲಿ ಹಿಡ್ಕಂಬುಡಿ, ಬಲಗಡೆ ಎಕ್ಸ್‌ರೇ ತೆಗೀತೀನಿ. ಆಮೇಲೆ ಬೆನ್ನಿನ್ ಕಡೆ ಸರಿಸಿ ಎಡಗಡೆ ತೆಗೆಯಣ’ ಎಂದರಂತೆ. ಅಷ್ಟೇ. ಹೊರಗೆ ಬಂದ ಪುಟ್ಟಬಸಮ್ಮ ನನಗೆ ಮೊದಲು ಹೇಳಿದ್ದು ಇದನ್ನೇ: ‘ಪೂಜೆ ಮಾಡ್ವಾಗ ಹಿಡ್ಕಳಂಗೇ ಹಿಡ್ಕಂಡಿದ್ದೆ ಕಣ್ರೀ.’ ದಿನಾ ಬೆಳಗ್ಗೆ ಅವಳು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡೇ ಪೂಜಿಸುವವಳು. ಎಡಗೈಗೆ ತೆಗೆದುಕೊಳ್ಳಿ ಎಂಬ ಒಂದು ಮಾತು ನಿಮ್ಮ ಬಸ್ಸಿನಲ್ಲಿ ಇರಲಿಲ್ಲ. ಮುಂದೆ ಆಪರೇಷನ್ ಆದಾಗ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದರು. ಅರಿವಳಿಕೆ ಕೊಟ್ಟ ದೇಹದ ಮೇಲೂ ಲಿಂಗ ಉಳಿಯಿತು.

ನಿಮ್ಮ ಭಾಷಣದ ಮೊದಲರ್ಧ ನನಗೆ ಇಷ್ಟವಾಯಿತು. ಎಕ್ಸ್‌ರೇ ಚಿತ್ರಗಳನ್ನು ಈಗ ಕಂಪ್ಯೂಟರೇ ಓದಿ ವೈದ್ಯರಿಗೆ ಬೊಟ್ಟು ಮಾಡಿ ತೋರಿಸುತ್ತದೆ, ಗಂಟಿನ ಗುಣ ನೋಡಿ ಒಬ್ಬೊಬ್ಬರಿಗೆ ಒಂದೊಂದು ಔಷಧಿ ಆರಿಸುತ್ತಾರೆ, ಮೈಯ ಸ್ವಂತ ಕಾವಲುಪಡೆಯನ್ನೇ ರೋಗದ ಮೇಲೆ ಎತ್ತಿಕಟ್ಟುವ ಚಿಕಿತ್ಸೆ ಬಂದಿದೆ ಎಂದಿರಿ. ಸಾಸಿವೆಯಷ್ಟು ಸಣ್ಣದನ್ನೂ ಕಾಣುವ ಕಾಲ ಬಂತು ಎಂದಿರಿ. ಬರಲಿ, ಬಹಳ ಸಂತೋಷ. ಆದರೆ ಸಾಸಿವೆ ಕಾಣುವ ಯಂತ್ರದ ಪಕ್ಕದಲ್ಲಿ ನಿಂತವರಿಗೆ ಐದಡಿಯ ಹೆಂಗಸು ಕಾಣದಿದ್ದರೆ ಆ ಕಾಲ ಯಾರಿಗೆ ಬಂತು? ಈಗ ನಮ್ಮ ಬೀದಿಯಲ್ಲಿ ‘ಬಸ್ಸಿನೋರು ಲಿಂಗ ಕಿತ್ಕೊತಾರೆ’ ಎಂಬ ಮಾತು ಹುಟ್ಟಿದೆ. ಯಾರೂ ಕಿತ್ತುಕೊಳ್ಳಲಿಲ್ಲ ಎಂದು ನಾನು ಎಷ್ಟು ಹೇಳಿದರೂ ಅದು ನಿಲ್ಲುತ್ತಿಲ್ಲ. ಸರೋಜಮ್ಮ ಮತ್ತೆ ಪರೀಕ್ಷೆಗೆ ಹೋಗಿಲ್ಲ. ಇದನ್ನೂ ಅರಿವಿನ ಕೊರತೆಗೆ ಸೇರಿಸಿಕೊಳ್ಳಿ, ಆದರೆ ಯಾರ ಅರಿವು ಎಂದು ಮಾತ್ರ ಸರಿಯಾಗಿ ಬರೆಯಿರಿ.

ನಾನು ನ್ಯಾಯ ತಪ್ಪಬಾರದು. ಎರಡು ವರ್ಷದ ಹಿಂದೆಯೇ ಚಿತ್ರ ತೆಗೆದಿದ್ದರೆ ಉಳಿಯುತ್ತಿದ್ದಳೇ ಎಂದು ಅವಳ ವೈದ್ಯರನ್ನು ಕೇಳಿದೆ. ಅವರು, ‘ಹೇಳಕ್ಕಾಗಲ್ಲ ಸದಾಶಿವಯ್ಯನವರೇ. ಆಗ ಕಾಣಿಸ್ತಿತ್ತೇನೋ, ಕಾಣಿಸ್ತಿರಲಿಲ್ಲವೇನೋ. ಕೆಲವು ಗಂಟು ಎರಡು ಪರೀಕ್ಷೆಗಳ ನಡುವೆಯೇ ಬೆಳೆದುಬಿಡ್ತವೆ’ ಎಂದರು. ಮರ್ಯಾದಸ್ಥರ ಉತ್ತರ. ಅದನ್ನು ಮನೆಗೆ ತಂದು ಪುಟ್ಟಬಸಮ್ಮನಿಗೆ ಒಪ್ಪಿಸಿದೆ. ಅವಳು ನಂಬಲಿಲ್ಲ. ಏಕೆಂದರೆ ವೈದ್ಯರು ‘ಹೇಳಕ್ಕಾಗಲ್ಲ’ ಎಂದರು, ನೀವು ಮೈಕಿನಲ್ಲಿ ಖಚಿತವಾಗಿ ಹೇಳಿದಿರಿ. ‘ಅಂಥವರಿಗೆ ಆಮೇಲೆ ಏನಾಗುತ್ತದೆ ಎಂದು ನಿಮಗೇ ಗೊತ್ತು’ ಎಂದಿರಿ. ಖಚಿತವಾಗಿ ಹೇಳಿದವರ ಮಾತು ನಿಲ್ಲುತ್ತದೆ, ಅದರಲ್ಲೂ ಶಾಲು ಹೊದಿಸಿದವರ ಮಾತು.

ಅಂದು ಲಿಂಗ ತೆಗೆದಿಟ್ಟಾಗ ನಾನು ‘ಏನೇ ಇದು?’ ಎಂದೆ. ಅವಳು ಅಳಲಿಲ್ಲ. ‘ನಂದೇ ತಪ್ಪು ಕಣ್ರೀ. ಒಂದ್ ನಿಮ್ಷ ತೆಗ್ದಿಟ್ಟಿದ್ರೆ ಆಗೋದು. ನನ್ ಹಟದಿಂದ ಆ ಶಿವನ್ಗೂ ಕೆಟ್ಟೆಸ್ರು ಬಂತು, ಸಭೆಲಿ ಎಲ್ರೂ ನಗಂಗಾಯ್ತು. ಇನ್ ನಂಗೆ ಅದನ್ನ ಕಟ್ಟೋ ಯೋಗ್ಯತೆ ಇಲ್ಲ ಬುಡಿ’ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಅದು. ಹೆರಿಗೆಯಲ್ಲಿ ತೆಗೆಯಲಿಲ್ಲ, ಆಪರೇಷನ್ನಿನಲ್ಲಿ ತೆಗೆಯಲಿಲ್ಲ, ರೋಗ ಅವಳ ಬಲ ಎದೆಯನ್ನೇ ತೆಗೆದುಕೊಂಡು ಹೋದಾಗಲೂ ತೆಗೆಯಲಿಲ್ಲ. ನಿಮ್ಮ ಒಂದು ತಮಾಷೆಗೆ ತೆಗೆದಳು. ಅವಳ ಕೊರಳು ಬೋಳಾಗಿದೆ. ನನಗೆ ನೋಡಲು ಆಗುವುದಿಲ್ಲ, ಆದರೂ ಗಂಜಿ ಕುಡಿಸುವಾಗ ನೋಡಲೇಬೇಕಾಗುತ್ತದೆ.

ನಾನು ಹೇಳಿ ನೋಡಿದೆ. ಮಠದಿಂದ ಹಿರಿಯರು ಬಂದು ಹೇಳಿದರು. ‘ನೀವು ಸಮಾಧಾನಕ್ಕೆ ಹೇಳ್ತೀರಿ’ ಎನ್ನುತ್ತಾಳೆ. ಅವಳ ಮಟ್ಟಿಗೆ ತಪ್ಪು ಹೊರಿಸಿದವರು ನೀವು. ಹಾಗಾಗಿ ಇಳಿಸಬೇಕಾದವರೂ ನೀವೇ.

ಆದ್ದರಿಂದ ಒತ್ತಾಯಿಸುತ್ತೇನೆ. ನಿಮ್ಮ ಬಸ್ಸಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಕರಡಿಗೆಯನ್ನು ಕೈಗೆ ಕೊಡುವ, ಬೆನ್ನಿಗೆ ಸರಿಸುವ ಆ ಚಿಕ್ಕ ಉಪಾಯ ಕಲಿಸಿ. ತಪಾಸಣೆಗೆ ಬಂದವರನ್ನು ನೀವು ವಾಪಸು ಕಳಿಸಿದರೆ ‘ಕಳಿಸಿದೆವು’ ಎಂದೇ ಹೇಳಿ. ಪರಿಹಾರ ಬೇಡ, ತನಿಖೆ ಬೇಡ, ಪತ್ರಿಕೆಯಲ್ಲಿ ವಿಷಾದವೂ ಬೇಡ. ಆದರೆ ನೀವೇ ಖುದ್ದಾಗಿ ನಮ್ಮ ಮನೆಗೆ ಬರಬೇಕು. ಮೈಕಿಲ್ಲದೆ, ಶಾಲಿಲ್ಲದೆ ಬನ್ನಿ. ಅವಳ ಮಂಚದ ಪಕ್ಕ ಕೂತು, ‘ಅಮ್ಮ, ನೀವು ಬಂದಿದ್ದಿರಿ, ವಾಪಸು ಕಳಿಸಿದ್ದು ನಾವು’ ಎಂದು ಸಭೆಯಲ್ಲಿ ಮಾತಾಡಿದಷ್ಟೇ ಖಚಿತವಾಗಿ ಹೇಳಬೇಕು.

ಬೇಗ ಬನ್ನಿ. ರೋಗ ಬೆನ್ನುಮೂಳೆಗೆ ಇಳಿದಿದೆ, ವೈದ್ಯರು ಮುಂದಿನ ಭೇಟಿಯ ದಿನ ಕೊಡುವುದನ್ನು ನಿಲ್ಲಿಸಿದ್ದಾರೆ. ನಮ್ಮವರನ್ನು ಮಣ್ಣಿಗಿಡುವಾಗ ಎಡಗೈಯಲ್ಲಿ ಲಿಂಗವಿಟ್ಟು ಕಳಿಸುತ್ತೇವೆ. ಅವಳು ಹೋದ ಮೇಲೆ ಅವಳ ಕೈಗೆ ಅದನ್ನು ಇಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ, ಆಗ ಅವಳ ಕೈ ಬೇಡವೆನ್ನುವುದಿಲ್ಲ. ಆದರೆ ಅವಳು ಬದುಕಿರುವಾಗಲೇ, ತಾನಾಗಿ ಕೈ ಚಾಚಿ ಅದನ್ನು ತೆಗೆದುಕೊಳ್ಳುವುದನ್ನು ನಾನು ನೋಡಬೇಕು.

ಇಂತಿ,
ನೀವು ನಗಿಸಿದ ಸಭೆಯಲ್ಲಿ ಅವಳ ಪಕ್ಕದಲ್ಲೇ ಕೂತು ಚಪ್ಪಾಳೆಗೆ ಕೈ ಎತ್ತಲಾಗದವನು,
ಸದಾಶಿವಯ್ಯ
ವಿಜಯನಗರ, ಮೈಸೂರು