ಶನಿವಾರ ನೋಡದ ಮನೆ

ನಾಚಾರಂ, ಹೈದರಾಬಾದು
17 ಆಗಸ್ಟ್ 2005, ಬುಧವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಊತ ಇಳಿಯಿತೋ ಇಲ್ಲವೋ? ಆ ಕಾಲಿಟ್ಟುಕೊಂಡು ಈಗಲೂ ಶನಿವಾರ ಮನೆಮನೆ ತಿರುಗುತ್ತೀ ಎಂದು ತಂಗಿ ವಾಸಂತಿ ಫೋನಿನಲ್ಲಿ ದೂರು ಹೇಳಿದಳು. ಬೈಯಬೇಕೆಂದೇ ಬರೆಯಲು ಕೂತೆ. ಆದರೆ ಈ ವಾರ ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ.

ಮೂರು ದಿನದಿಂದ ಊಟ ಸೇರುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನಿಸುತ್ತದೆ. ಭಾನುವಾರ ಬೆಳಿಗ್ಗೆ ತಾರ್ನಾಕದಲ್ಲಿ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಪ್ರಾರ್ಥನೆಯ ಕೂಟಕ್ಕೆ ‘ಎಲ್ಲದಕ್ಕೂ ಸ್ತೋತ್ರ’ ಎಂದು, ಏನೇ ಬಂದರೂ ದೇವರಿಗೆ ಕೃತಜ್ಞತೆ ಹೇಳಬೇಕೆಂದು, ಪ್ರಸಂಗ ಮಾಡಿದೆ. ಸಂಬಳ ಏರಿದ್ದಕ್ಕೆ, ವೀಸಾ ಬಂದದ್ದಕ್ಕೆ ಅವರು ಎದ್ದೆದ್ದು ಸ್ತೋತ್ರ ಹೇಳಿದರು. ನಾನೂ ಉಬ್ಬಿಹೋದೆ. ಪ್ರಸಂಗದ ಅದೇ ಹಾಳೆಗಳನ್ನು ಹಿಡಿದು ಬಸ್ಸು ಹತ್ತಿ ಇಲ್ಲಿನ ನಮ್ಮ ಕನ್ನಡ ಸಭೆಗೆ ಓಡಿಬಂದೆ. ನಿನಗೆ ಗೊತ್ತಲ್ಲ, ಎಲ್ಲ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ತಡವಾಗಿತ್ತು. ಬಾಗಿಲಲ್ಲೇ ಮೇಸ್ತ್ರಿ ತಾಯಪ್ಪ ತಡೆದು, “ಅಯ್ಯಾರ, ಒಂದು ಮಾತು ಹೇಳೂದೈತ್ರಿ” ಎಂದ. ಆಮೇಲೆ ಎಂದು ಕೈಯಾಡಿಸಿ ಒಳಗೆ ಹೋದೆ.

ಅವ್ವಾ, ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ಮುಗಿದ ಮೇಲೆ ಮುಂದಿನ ಚಾಪೆಯಿಂದ ಬಂಡೆಮ್ಮ ಎದ್ದು ನಿಂತಳು. “ಅಯ್ಯಾರ, ಗುರುವಾರ ನನ್ನ ಗಂಡ ಹನ್ನೊಂದನೇ ಮಾಳಿಗಿ ಮ್ಯಾಲಿಂದ ಬಿದ್ದು ಸತ್ತಾನ್ರಿ. ಅದಕ್ಕೂ ಸ್ತೋತ್ರ ಹೇಳಬೇಕೇನ್ರಿ?” ಅವನು ಬಿದ್ದದ್ದು ತಾರ್ನಾಕದ ಆ ಹುಡುಗರು ಕೆಲಸ ಮಾಡುವಂಥದ್ದೇ ಒಂದು ಕಂಪ್ಯೂಟರ್ ಕಂಪನಿಗೆ ಕಟ್ಟುತ್ತಿದ್ದ ಕಟ್ಟಡದಿಂದಂತೆ. ತಾಯಪ್ಪ ಹೇಳಬೇಕೆಂದಿದ್ದದ್ದು ಅದನ್ನೇ. ಅವಳು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದಳು. ನಾನು ಹೌದೆಂದಿದ್ದರೆ ಸ್ತೋತ್ರ ಹೇಳಿಯೇಬಿಡುತ್ತಿದ್ದಳು. ನಾನು ಕಣ್ಣು ಮುಚ್ಚಿ, ಗಡಿಬಿಡಿಯಲ್ಲಿ ಆಶೀರ್ವಾದ ಹೇಳಿ, ಸಭೆ ಮುಗಿಸಿಬಿಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ನೀನು ಶನಿವಾರ ಯಾರ ಒಲೆ ಹೊತ್ತಿದೆ, ಯಾರದು ಹೊತ್ತಿಲ್ಲ ಎಂದು ನೋಡಿ ಬಂದ ಮೇಲೆಯೇ ಭಾನುವಾರ ಬಾಯಿ ತೆರೆಯುತ್ತಿದ್ದೆ. “ಮನಿ ನೋಡದೆ ವಚನ ಆರಿಸಬ್ಯಾಡ” ಅನ್ನುತ್ತಿದ್ದೆ. ಪಾದ್ರಿಯಾಗಲು ಸೆಮಿನರಿ ಓದಿದ ನನಗೆ ಅದು ಹಳ್ಳಿಯಲ್ಲಿ ವಾಕ್ಯ ಹೇಳುವ ನಿನ್ನಂಥ ಬೈಬಲ್ ಹೆಂಗಸರ ಅಭ್ಯಾಸವಾಗಿ ಕಂಡಿತ್ತು. ನಾನು ಹೇಳಿದ್ದು ಸತ್ಯವೇದದ ಮಾತೇ, ಸುಳ್ಳಲ್ಲ. ಆದರೂ ಅವಳ ತಲೆಯ ಮೇಲೆ ಕಲ್ಲು ಹೊರಿಸಿದೆ. ಬರುವ ಭಾನುವಾರ ಏನು ಹೇಳಲಿ? ಅಪ್ಪ ತೀರಿಕೊಂಡ ವಾರ ನೀನೇ ಪ್ರಸಂಗ ಮಾಡಿದ್ದೆಯಲ್ಲ, ಏನು ಹೇಳಿದ್ದೆ? ನನಗೆ ಒಂದು ಮಾತೂ ನೆನಪಿಲ್ಲ. ನೀನು ನಡುವೆ ನಿಲ್ಲಿಸಿ ಅತ್ತದ್ದು, ಹೆಂಗಸರೆಲ್ಲ ಎದ್ದು ಬಂದು ನಿನ್ನ ಸುತ್ತ ಕೂತದ್ದು ನೆನಪಿದೆ.

ಕಾಲಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನನ್ನೂ ವಾಸಂತಿಯನ್ನೂ ಕಾಯಲಿ.

ನಿನ್ನ ಮಗ,
ಜೀವರತ್ನ

ತಾ.ಕ.: ಬರೆದದ್ದನ್ನು ಓದಿ ನೋಡಿದೆ. ನಿನಗೆ ಇಷ್ಟುದ್ದ ಬರೆದೆ, ಬಂಡೆಮ್ಮನ ಶೆಡ್ಡಿಗೆ ಮಾತ್ರ ಇನ್ನೂ ಹೋಗಿಲ್ಲ. ಇಲ್ಲಿಂದ ಹತ್ತು ನಿಮಿಷದ ದಾರಿ. ಈಗಲೇ ಹೊರಟೆ, ಇದನ್ನು ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ. ಹಾಳೆಗಳನ್ನು ತೆಗೆದುಕೊಂಡಿಲ್ಲ. ‘ಅದಕ್ಕೆ ಸ್ತೋತ್ರ ಹೇಳಬೇಕಿಲ್ಲ ತಾಯಿ’ ಎಂದು ಮೊದಲು ಹೇಳುತ್ತೇನೆ, ಆಮೇಲೆ ಅಲ್ಲೇ ಕೂರುತ್ತೇನೆ.